ಬಿಸಿಲುಗೋಡೆ ಮತ್ತು ಅತ್ತೆಯ ಹೆಬ್ಬೆಟ್ಟು

ನಮ್ಮತ್ತೆ ಯಾವುದನ್ನೂ ಚೆನ್ನಾಗಿದೆ ಅಂದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ತಲೆಯಲ್ಲಿ ಇಟ್ಟುಕೊಳ್ಳಿ. ನಾನು ಹುಟ್ಟಿದಾಗ ಆಸ್ಪತ್ರೆಗೆ ಬಂದು, ನನ್ನನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿ, "ನಡೆಯುತ್ತೆ" ಅಂದಳಂತೆ. ಅಮ್ಮ ಇವತ್ತಿಗೂ ಆ ಮಾತನ್ನು ಮರೆತಿಲ್ಲ. ಅಪ್ಪ ಆಗ ಅಮ್ಮನಿಗೆ ಸಮಾಧಾನ ಹೇಳಿದ್ದು ಹೀಗೆ: "ಅಕ್ಕ ನಡೆಯುತ್ತೆ ಅಂದ್ರೆ ಚಿನ್ನ ಅಂತ ಅರ್ಥ ಕಣೇ. ನನಗೆ ಅವಳು ಅಷ್ಟೂ ಅಂದಿಲ್ಲ."

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಿಲ್ಲ, ನಮ್ಮ ಜೊತೆಯಲ್ಲೇ ಇದ್ದಾಳೆ. ಯಾಕೆ ಆಗಲಿಲ್ಲ ಅಂತ ಕೇಳಿದರೆ, "ಕೇಳ್ಕೊಂಡು ಬಂದವರಲ್ಲಿ ಒಬ್ಬನಿಗೂ ಪಾಲಿಶ್ ಸರಿಯಾಗಿ ಕೂತಿರಲಿಲ್ಲ" ಅನ್ನುತ್ತಿದ್ದಳು. ಅಪ್ಪ ಪಕ್ಕದಿಂದ, "ಬಂದವರು ನಿನ್ನ ಬಾಯಿ ಕೇಳಿ ಓಡಿಹೋದ್ರು ಅಂತ ಹೇಳು" ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ನಗುತ್ತಿದ್ದ ಕಾಲ ಒಂದಿತ್ತು.

ನಮ್ಮದು ಮರದ ಕಾರ್ಖಾನೆ. ಕಾರ್ಖಾನೆ ಅನ್ನುವುದು ಬೋರ್ಡಿನ ಮೇಲಷ್ಟೆ. ಇರುವುದು ಎರಡು ಶೆಡ್ಡು, ನಡುವೆ ಒಂದು ಅಂಗಳ. ಮುಂದಿನ ಶೆಡ್ಡಿನಲ್ಲಿ ಅಪ್ಪ ಮತ್ತು ಮೇಸ್ತ್ರಿ ಮರ ಕೊಯ್ದು ಜೋಡಿಸುತ್ತಾರೆ. ಮನೆಯೊಳಗೆ ಇಡುವ ಸಾಮಾನು ನಾವು ಮಾಡುವುದಿಲ್ಲ. ಗೇಟು, ತೋಟದ ಬೆಂಚು, ಬಾಲ್ಕನಿಯ ಕಟಕಟೆ, ಹೊರಬಾಗಿಲು, ಹೀಗೆ ಬಿಸಿಲು ಮಳೆಯಲ್ಲೇ ಬದುಕಬೇಕಾದ ಮರದ ಕೆಲಸ ಮಾತ್ರ. ಹಿಂದಿನ ಶೆಡ್ಡು ಅತ್ತೆಯ ರಾಜ್ಯ. ಅಲ್ಲಿ ಬಣ್ಣದ ಡಬ್ಬಿಗಳು, ಬ್ರಶ್ಶುಗಳು, ಹಳೆ ಬನಿಯನ್ನಿನ ಚಿಂದಿಗಳು, ಒಂದು ಮೂರು ಕಾಲಿನ ಸ್ಟೂಲು, ಮತ್ತು ಅಪ್ಪನ ಹಳೆಯ ಬಿಳಿ ಅಂಗಿಯನ್ನು ಮೇಲಂಗಿಯಾಗಿ ಹಾಕಿಕೊಂಡ ಅತ್ತೆ.

ಅಜ್ಜ ಸಾಯುವ ಮೊದಲು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದನಂತೆ: "ಮರದ ಮಾತು ತಮ್ಮನದು. ಬಣ್ಣದ ಮಾತು ಅಕ್ಕನದು. ಒಬ್ಬರ ಮಾತಿನಲ್ಲಿ ಇನ್ನೊಬ್ಬರು ಬಾಯಿ ಹಾಕೋ ಹಾಗಿಲ್ಲ." ಅದೇ ನಮ್ಮ ಕಾರ್ಖಾನೆಯ ಕಾನೂನು. ಅದಕ್ಕೊಂದು ಮೊಹರೂ ಇತ್ತು. ಬಣ್ಣ ಹಚ್ಚಿ ಒಣಗಿದ ಮೇಲೆ ಅತ್ತೆ ಪ್ರತಿಯೊಂದು ಸಾಮಾನನ್ನೂ ನೋಡುತ್ತಿದ್ದಳು. ಒಪ್ಪಿಗೆಯಾದರೆ ಅದೇ ಬಣ್ಣದಲ್ಲಿ ಹೆಬ್ಬೆಟ್ಟು ಅದ್ದಿ, ಯಾರಿಗೂ ಕಾಣದ ಕಡೆ, ಬೆಂಚಾದರೆ ಕೆಳಮೈಗೆ, ಗೇಟಾದರೆ ಒಳಪಟ್ಟಿಗೆ, ಒಂದು ಗುರುತು ಒತ್ತುತ್ತಿದ್ದಳು. ಆ ಗುರುತಿಲ್ಲದೆ ಒಂದು ಮೊಳ ಮರವೂ ಅಂಗಳ ದಾಟುತ್ತಿರಲಿಲ್ಲ.

"ಅಷ್ಟು ಚೆನ್ನಾಗಿ ಓದು ಬರಹ ಬರುತ್ತೆ, ಸಹಿ ಹಾಕಬಾರದಾ ಅತ್ತೆ?" ಅಂತ ನಾನೊಮ್ಮೆ ಕೇಳಿದ್ದೆ.

"ಸಹಿ ಯಾರು ಬೇಕಾದ್ರೂ ಹಾಕ್ತಾರೆ. ಈ ಬೆರಳು ಯಾರಿಗಿದೆ ಹೇಳು?" ಅಂದಳು. ಜಂಬ ಇತ್ತು ಅವಳಿಗೆ. ಬೇಕಾದಷ್ಟಿತ್ತು.

ಈಗ ಗೋಡೆಯ ವಿಷಯ. ಅಂಗಳದಲ್ಲಿ ಪಡುವಣಕ್ಕೆ ಮುಖ ಮಾಡಿದ ಕಾಂಪೌಂಡ್ ಗೋಡೆಗೆ ನಾವು ಬಿಸಿಲುಗೋಡೆ ಅನ್ನುತ್ತೇವೆ. ಮಧ್ಯಾಹ್ನದಿಂದ ಸಂಜೆಯವರೆಗೆ ಅಲ್ಲಿ ನಿಂತರೆ ತಲೆ ಕಾದ ಹಂಚು. ಹೊಸ ಬಣ್ಣ ಯಾವುದೇ ಬರಲಿ, ಅತ್ತೆ ಅದನ್ನು ನೇರವಾಗಿ ಗಿರಾಕಿಯ ಮರಕ್ಕೆ ಹಚ್ಚುತ್ತಿರಲಿಲ್ಲ. ಅಂಗೈಯಗಲದ ಹಲಗೆ ತುಂಡಿಗೆ ಹಚ್ಚಿ, ಮೇಲಿನ ಅರ್ಧಕ್ಕೆ ತಗಡಿನ ಪಟ್ಟಿ ಮುಚ್ಚಿ, ಆ ಗೋಡೆಗೆ ನೇತುಹಾಕುತ್ತಿದ್ದಳು. ಕೆಳಗಿನ ಅರ್ಧ ಬಿಸಿಲು ಮಳೆ ಎರಡನ್ನೂ ಉಣ್ಣಬೇಕು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ತಗಡು ಎತ್ತಿ, ಮುಚ್ಚಿದ್ದ ಅರ್ಧಕ್ಕೂ ತೆರೆದಿದ್ದ ಅರ್ಧಕ್ಕೂ ಎಷ್ಟು ವ್ಯತ್ಯಾಸ ಬಂದಿದೆ ಅಂತ ನೋಡುವುದು. ಅಲ್ಲಿಯವರೆಗೆ ಯಾವ ಅಂಗಡಿಯವನು ಏನೇ ಬಣ್ಣಿಸಲಿ, ಅತ್ತೆಯ ಉತ್ತರ ಒಂದೇ: "ಗೋಡೆ ಕೇಳಿ ಹೇಳ್ತೀನಿ."

ಬಣ್ಣ ಆರಿಸುವುದನ್ನು ನನಗೆ ಹೇಳಿಕೊಟ್ಟವಳೂ ಅವಳೇ. ಹೇಳಿಕೊಟ್ಟಳು ಅನ್ನುವುದಕ್ಕಿಂತ ಬೈದುಕೊಟ್ಟಳು. "ವಾರ್ನಿಶ್ ಹೊರಗಡೆಗೆ ಬೇಡ. ಮೊದಲನೇ ದಿನ ಕನ್ನಡಿ ಥರ ಹೊಳೆಯುತ್ತೆ, ಎಲ್ಲರೂ ಆಹಾ ಅಂತಾರೆ. ಆಮೇಲೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತೆ, ನೀರು ಒಳಗೆ ಹೋಗುತ್ತೆ, ಹೊರಗೆ ಬರೋಕೆ ದಾರಿ ಇಲ್ಲ. ಒಳಗೊಳಗೇ ಕೊಳೆಯುತ್ತೆ. ಮರದ ಮೇಲೆ ಕೂರೋದು ಬೇಡ, ಮರದೊಳಗೆ ಇಳಿಯೋದು ಬೇಕು. ಅದೇ ಸ್ಟೇನು. ಅದ್ರಲ್ಲೂ ಬಣ್ಣದ ಪುಡಿ ಇರಬೇಕು. ಬಿಸಿಲನ್ನ ತಡೆಯೋದು ಆ ಪುಡಿ, ಎಣ್ಣೆ ಅಲ್ಲ. ನೀರಿನ ಥರ ತಿಳಿಯಾಗಿರೋ ಎಣ್ಣೆ ಹಚ್ಚಿದ್ರೆ ಮರಕ್ಕೆ ಸ್ನಾನ ಮಾಡಿಸಿ ಬಿಸಿಲಲ್ಲಿ ನಿಲ್ಲಿಸಿದ ಹಾಗೆ. ಗೊತ್ತಾಯ್ತಾ? ಗೊತ್ತಾಗದೇ ಇದ್ರೂ ತಲೆ ಆಡಿಸು, ನನಗೆ ಕೆಲಸ ಇದೆ."

ತಿಳಿ ಎಣ್ಣೆಯನ್ನು ಅವಳು ಹೊರಗಿನ ಮರಕ್ಕೆ ಹತ್ತಿರವೇ ಸೇರಿಸಿದವಳಲ್ಲ. ಇದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ.

ಅಪ್ಪನಿಗೆ ಒಬ್ಬ ಗೆಳೆಯ ಸಿಕ್ಕಿದ್ದ. ಸ್ಪ್ರೇ ಗನ್ನಿನಿಂದ ಬಣ್ಣ ಹೊಡೆಯುವವನು. ಸಂಜೆ ಟೀ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿದ್ದ. ಅತ್ತೆ ಅವನಿಗೆ ಪಿಚಕಾರಿ ಅಂತ ಹೆಸರಿಟ್ಟಳು, ಅದೇ ನಿಂತಿತು. ಹಿಂದಿನ ಶೆಡ್ಡಿಗೆ ಗೋಡೆ ಎಬ್ಬಿಸಿ, ಫ್ಯಾನು ಹಾಕಿ, ಮುಚ್ಚಿದ ಕೋಣೆ ಮಾಡಿದರೆ ಅತ್ತೆ ವಾರವಿಡೀ ಹಚ್ಚುವುದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು ಅಂತ ಪಿಚಕಾರಿ ಅಪ್ಪನ ಕಿವಿಯಲ್ಲಿ ಊದುತ್ತಿದ್ದ. ಅಪ್ಪನಿಗೂ ಹೌದೆನ್ನಿಸಿತ್ತು. ಆದರೆ ಬಣ್ಣದ ಮಾತು ಅಕ್ಕನದು. ಒಮ್ಮೆ ಧೈರ್ಯ ಮಾಡಿ ಬಾಯಿ ಬಿಟ್ಟ.

"ಅಕ್ಕ, ಕಾಲ ಬದಲಾಗಿದೆ. ಸ್ಪ್ರೇ..."

"ಬಣ್ಣ ಹಚ್ಚಬೇಕು ಕಣೋ, ಉಗಿಯಬಾರದು," ಅಂದಳು ಅತ್ತೆ ತಲೆ ಎತ್ತದೆ. "ನಾನಿರೋವರೆಗೆ ಆ ಪಿಚಕಾರಿ ಟೀ ಕುಡ್ಕೊಂಡು ಹೋಗಲಿ. ಲೋಟ ಮಾತ್ರ ಅವನೇ ತೊಳೀಲಿ."

ಪಿಚಕಾರಿ ಅಲ್ಲೇ ಕೂತಿದ್ದ. ಲೋಟ ಹಿಡಿದುಕೊಂಡೇ ನಕ್ಕ. ಅಪ್ಪ ನಗಲಿಲ್ಲ. ಅವತ್ತಿನಿಂದ ಅವನು ಅಕ್ಕನ ಜೊತೆ ಜಗಳವಾಡುವುದನ್ನೂ ಬಿಟ್ಟ. ನಾವೆಲ್ಲ ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡೆವು.

ಅದೇ ಕಾಲಕ್ಕೆ ಅಂಗಿಗಳು ನೀಲಿಯಾಗತೊಡಗಿದವು. ಅತ್ತೆ ತನ್ನ ಬಿಳಿ ಅಂಗಿಗಳನ್ನು ತಾನೇ ಒಗೆದುಕೊಳ್ಳುವವಳು. "ಎಷ್ಟು ಒಗೆದ್ರೂ ಹಳದಿ ಹೋಗ್ತಿಲ್ಲ, ಈ ನೀರೇ ಸರಿ ಇಲ್ಲ" ಅಂತ ಗೊಣಗುತ್ತಾ ಬಕೆಟ್ಟಿಗೆ ಬಟ್ಟೆ ನೀಲಿ ಸುರಿಯುತ್ತಿದ್ದಳು. ಮೊದಲು ಒಂದು ತೊಟ್ಟು, ಆಮೇಲೆ ಧಾರಾಳವಾಗಿ. ಕೊನೆಕೊನೆಗೆ ಅಂಗಿ ತಿಳಿ ಆಕಾಶದ ಬಣ್ಣಕ್ಕೆ ಬಂದಿತ್ತು. ಅವಳು ಅದನ್ನು ತೊಟ್ಟು, "ಈಗ ಪರವಾಗಿಲ್ಲ, ಬೆಳ್ಳಗಾಯ್ತು" ಅನ್ನುತ್ತಿದ್ದಳು. ಮನೆಯಲ್ಲಿ ಎಲ್ಲರೂ ಮುಸಿಮುಸಿ ನಗುತ್ತಿದ್ದೆವು. ಅಮ್ಮ, "ನಿಮ್ಮತ್ತೆಗೆ ಈ ವಯಸ್ಸಲ್ಲಿ ಶೋಕಿ ಶುರುವಾಗಿದೆ" ಅಂದಳು. ಶೆಡ್ಡಿನ ಟ್ಯೂಬ್‌ಲೈಟು ಮಂಕಾಗಿದೆ, ಹಳದಿ ಉಗುಳುತ್ತಿದೆ ಅಂತ ಅತ್ತೆ ಗಲಾಟೆ ಮಾಡಿದಳು. ಅಪ್ಪ ಹೊಸದು ಹಾಕಿಸಿದ. ಅದೂ ಹಳದಿ ಅಂದಳು. ಅಪ್ಪ ಏಣಿಯ ಮೇಲೆ ನಿಂತವನು ಕೆಳಗಿದ್ದ ಅಕ್ಕನ ನೀಲಿ ಅಂಗಿಯನ್ನು ಸುಮಾರು ಹೊತ್ತು ನೋಡಿದ. ನೋಡಿ, ಇಳಿದು ಏಣಿ ಮಡಚಿದ.

ಆಗ ಗ್ರಂಥಾಲಯದ ಕೆಲಸ ಬಂತು. ಗ್ರಂಥಾಲಯದ ಮೇಡಂ ಓದುವವರಿಗೆ ಅಂಗಳದಲ್ಲಿ ಸಾಲಾಗಿ ಬೆಂಚು ಹಾಕಿಸಬೇಕು ಅಂತ ನಮ್ಮಲ್ಲಿಗೆ ಬಂದರು. ನೆರಳಿಲ್ಲದ ಅಂಗಳ, ಪಡುವಣ ಬಿಸಿಲು ನೇರವಾಗಿ ಬೀಳುತ್ತದೆ. ಮುಂದಿನ ಶೆಡ್ಡಿನಲ್ಲಿ ಕೂತು, ಅಪ್ಪ ತೋರಿಸಿದ ಹೊಸ ತುಂಡುಗಳನ್ನೆಲ್ಲ ಕೈಯಲ್ಲಿ ಹಿಡಿದು ನೋಡಿ, ತಿಳಿ ಎಣ್ಣೆ ಹಚ್ಚಿದ್ದನ್ನು ಎತ್ತಿಕೊಂಡರು. ಅದು ಆಗಷ್ಟೇ ಹಚ್ಚಿದ್ದು, ಜೇನಿನ ಹಾಗೆ ಇತ್ತು.

"ಇದು ಇರಲಿ. ಮರ ಮರದ ಥರಾನೇ ಕಾಣಬೇಕು ನನಗೆ. ಆ ಕಾಫಿ ಬಣ್ಣ ಬೇಡ."

"ಮೇಡಂ, ನಿಮಗೆ ಬೇಕಾಗಿದ್ದಲ್ಲ, ಬಿಸಿಲಿಗೆ ಬೇಕಾಗಿದ್ದು ಹಚ್ಚಬೇಕು," ಅಂದಳು ಅತ್ತೆ. "ಆದ್ರೂ ಈ ಎಣ್ಣೆ ಗೋಡೆ ಮೇಲಿದೆ. ಕೂತಿರಿ. ಗೋಡೆ ಕೇಳಿ ಹೇಳ್ತೀನಿ."

ಆ ಎಣ್ಣೆಯನ್ನು ಪಿಚಕಾರಿ ಹಿಂದಿನ ವರ್ಷ ತಂದುಕೊಟ್ಟಿದ್ದ. ಅತ್ತೆ ಬೈದುಕೊಂಡೇ ಅದರ ತುಂಡನ್ನು ನೇತುಹಾಕಿದ್ದಳು, ಅದು ಹಾಳಾದ ಮೇಲೆ ಅವನ ಮುಖಕ್ಕೆ ಹಿಡಿಯುವುದಕ್ಕೆ.

ಅತ್ತೆ ಅಂಗಳ ದಾಟಿ ಬಿಸಿಲುಗೋಡೆಗೆ ಹೋದಳು. ಹಿಂದೆ ಅಪ್ಪ, ಮೇಸ್ತ್ರಿ, ನಾನು. ತುಂಡನ್ನು ಕೆಳಗಿಳಿಸಿ, ಮೊಳೆ ಸಡಿಲಿಸಿ, ತಗಡು ಎತ್ತಿದಳು. ಮೇಲಿನ ಅರ್ಧ ಜೇನು. ಕೆಳಗಿನ ಅರ್ಧ ಒಲೆಯ ಬೂದಿ. ನಡುವೆ ಗೆರೆ ಕೊರೆದ ಹಾಗಿತ್ತು. ನಾನು ಅತ್ತೆಯ ಬೈಗುಳಕ್ಕೆ ಕಾದೆ.

ಅತ್ತೆ ಬೈಯಲಿಲ್ಲ. ತುಂಡನ್ನು ಹತ್ತಿರ ತಂದಳು, ದೂರ ಹಿಡಿದಳು. ಕನ್ನಡಕ ತೆಗೆದು ಆ ನೀಲಿ ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಅವಳ ಮುಖದ ಮೇಲೆ ನಾನು ಅಲ್ಲಿಯವರೆಗೆ ನೋಡಿರದ ಒಂದು ನಗು ಬಂತು, ಸೋತವರ ಸಣ್ಣ ನಗು.

"ಎಲಾ ಇದರ! ಎರಡೂ ಅರ್ಧ ಒಂದೇ ಥರ ಇದೆಯಲ್ಲೋ ತಮ್ಮ. ಬಣ್ಣ ಒಂಚೂರೂ ಇಳಿದಿಲ್ಲ. ಇಷ್ಟು ದಿನ ನಾನು ಹೇಳ್ಕೊಂಡು ಬಂದಿದ್ದನ್ನೆಲ್ಲ ಈ ಎಣ್ಣೆ ಸುಳ್ಳು ಮಾಡ್ತಲ್ಲ."

ನನ್ನ ಬಾಯಿ ಸುಮ್ಮನಿರಲಿಲ್ಲ. "ಅತ್ತೆ, ಕೆಳಗಡೆ ಬೂದಿ ಬಣ್ಣ ಆಗಿದೆಯಲ್ಲ! ಸರಿಯಾಗಿ ನೋಡು."

"ಬೂದಿ ನಿನ್ನ ಕಣ್ಣಿಗೆ ಬಿದ್ದಿದೆ. ಮೂರು ಹೊತ್ತೂ ಮೊಬೈಲು ನೋಡೋರಿಗೆ ಮರದ ಬಣ್ಣ ಎಲ್ಲಿ ಗೊತ್ತಾಗಬೇಕು?"

"ಮೇಸ್ತ್ರಿ, ನೀವಾದ್ರೂ ಹೇಳಿ," ಅಂದೆ.

ಮೇಸ್ತ್ರಿ ತನ್ನ ಚಪ್ಪಲಿಯನ್ನು ನೋಡಿಕೊಂಡ. ಅತ್ತೆಯ ಬಾಯಿಗೆ ಬೀಳುವುದಕ್ಕಿಂತ ಗರಗಸಕ್ಕೆ ಕೈ ಕೊಡುವುದು ವಾಸಿ ಅನ್ನುವವನು ಅವನು. ಅತ್ತೆ ಅಪ್ಪನ ಕಡೆ ತಿರುಗಿ ತುಂಡನ್ನು ಚಾಚಿದಳು.

"ತಗೋ, ನೋಡು. ನೀನೇನಂತೀಯ?"

ಅಕ್ಕ ತಮ್ಮನನ್ನು ಬಣ್ಣದ ಮಾತು ಕೇಳಿದ್ದು ಅದೇ ಮೊದಲು. ಅಪ್ಪ ತುಂಡನ್ನು ಕೈಗೆ ತೆಗೆದುಕೊಂಡ. ಜೇನನ್ನೂ ನೋಡಿದ, ಬೂದಿಯನ್ನೂ ನೋಡಿದ. ಹಿಂದಿನ ಶೆಡ್ಡಿನ ಕಡೆ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ತುಂಡನ್ನು ವಾಪಸು ಕೊಟ್ಟ.

"ಬಣ್ಣದ ಮಾತು ನಿನ್ನದಲ್ವಾ ಅಕ್ಕ. ನೀನು ಹೇಳಿದ ಮೇಲೆ ಮುಗೀತು."

ನಾನು ಅಪ್ಪನನ್ನು ಮುಂದಿನ ಶೆಡ್ಡಿನ ಬಾಗಿಲಲ್ಲಿ ಹಿಡಿದೆ. "ಅಪ್ಪ, ಅದು ಬೂದಿ ಅಲ್ವಾ? ನಿಜ ಹೇಳು. ಅತ್ತೆಗೆ ಕಣ್ಣು ಕಾಣ್ತಿಲ್ಲ."

"ದೊಡ್ಡವರ ಮಧ್ಯೆ ಬಾಯಿ ಹಾಕಬೇಡ. ಅಜ್ಜ ಹೇಳಿದ್ದು ಮರೆತೋಯ್ತಾ?" ಅಂದ ಅಪ್ಪ. ಅಜ್ಜನ ಮಾತನ್ನು ಅಷ್ಟು ಭಕ್ತಿಯಿಂದ ಅವನು ಹಿಂದೆಂದೂ ನೆನಪಿಸಿಕೊಂಡಿರಲಿಲ್ಲ.

ಊಟಕ್ಕೆ ಕೂತಾಗ ನಾನು ಇನ್ನೊಮ್ಮೆ ಪ್ರಯತ್ನಿಸಿದೆ. "ಅತ್ತೆ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ."

"ನನ್ನ ಕಣ್ಣಿಗೇನಾಗಿದೆ? ನಿನ್ನ ನಾಲಿಗೆ ತೋರಿಸ್ಕೊಂಡು ಬರೋಣ ನಡಿ, ಉದ್ದ ಆಗ್ತಿದೆ."

ಅಮ್ಮ ನಕ್ಕಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಬೆಂಚುಗಳು ತಯಾರಾದವು. ಅತ್ತೆ ಮನಸ್ಸಿಟ್ಟು ಎಣ್ಣೆ ಹಚ್ಚಿದಳು. ಹಲಗೆಯ ತುದಿಗಳಿಗೆ, ನೀರು ಕುಡಿಯುವ ಆ ಅಡ್ಡಕೊಯ್ತದ ಜಾಗಕ್ಕೆ, ಸಾಕು ಸಾಕು ಅನ್ನುವಷ್ಟು ಕುಡಿಸಿದಳು. ಬೆಂಚಿನ ಕೆಳಮೈಯನ್ನೂ ಬಿಡಲಿಲ್ಲ. ಕೊನೆಗೆ ಒಂದೊಂದನ್ನೂ ಮಗುಚಿಸಿ ಹೆಬ್ಬೆಟ್ಟು ಒತ್ತಿದಳು. ತಿಳಿ ಎಣ್ಣೆಗೆ ಬಣ್ಣವಿಲ್ಲವಲ್ಲ, ಗುರುತು ಬೀಳಲಿಲ್ಲ. "ಇದೊಂದು ಪೀಡೆ" ಅಂತ ಗೊಣಗಿ, ಹಳೆಯ ಕಂದು ಸ್ಟೇನಿನ ಡಬ್ಬಿಗೆ ಬೆರಳು ಅದ್ದಿ ಒತ್ತಿದಳು. ಹೊರಡುವ ದಿನ ಬೆಂಚುಗಳು ಸಾಲಾಗಿ ಬಂಗಾರದ ಹಾಗೆ ಹೊಳೆದವು. ಮೇಡಂ ಫೋಟೊ ತೆಗೆಸಿಕೊಂಡರು. ಅತ್ತೆ "ನಡೆಯುತ್ತೆ" ಅಂದಳು.

ಬಿಸಿಲು ತನ್ನ ಕೆಲಸ ಮಾಡಿತು. ಆಮೇಲೆ ಮಳೆ ತನ್ನದನ್ನು. ಮತ್ತೆ ಬಿಸಿಲು. ಒಂದು ಬೆಳಿಗ್ಗೆ ಗ್ರಂಥಾಲಯದಿಂದ ಫೋನ್ ಬಂತು: ಬಂದು ನೋಡಿ, ಈಗಲೇ.

ಅಪ್ಪ, ಅತ್ತೆ, ನಾನು ಹೋದೆವು. ಬಂಗಾರದ ಸಾಲು ಹೋಗಿ ಸುಡುಗಾಡಿನ ಕಟ್ಟಿಗೆಯ ಸಾಲಾಗಿತ್ತು. ಬೂದು ಬಣ್ಣ, ಅದರ ಮೇಲೆ ಬೂಷ್ಟಿನ ಕಪ್ಪು ಚುಕ್ಕೆ. ಮೈಯೆಲ್ಲ ಎಳೆ ಎದ್ದಿತ್ತು. ಮೇಡಂ ಒಂದು ಹರಿದ ಸ್ಕರ್ಟಿನ ಕಥೆ ಹೇಳಿದರು, ಮುಳ್ಳಿನಂಥ ಸಿಬಿರು ಹೊಕ್ಕ ಅಂಗೈಗಳ ಕಥೆ ಹೇಳಿದರು. ಒಳಗೆ ಓದುತ್ತಿದ್ದವರು ಕಿಟಕಿಯಲ್ಲಿ ಬಂದು ನಿಂತರು.

ಅತ್ತೆ ಬೆಂಚಿನ ಮೇಲೆ ಅಂಗೈ ಸವರಿದಳು. ಕೈ ತಟ್ಟನೆ ನಿಂತಿತು. ಮತ್ತೆ ಸವರಿದಳು. ಅವಳ ಕೈಗೆ ಗೊತ್ತಾಯಿತು, ಕಣ್ಣಿಗೆ ಗೊತ್ತಾಗಲಿಲ್ಲ.

"ಬಣ್ಣ ಹಾಗೇ ಇದೆ," ಅಂದಳು ನಿಧಾನವಾಗಿ. "ಮತ್ತೆ ಮೈ ಯಾಕೆ ಹೀಗೆ ಎದ್ದಿದೆ?"

"ಬಣ್ಣ ಹಾಗೇ ಇದೆಯಾ?" ಮೇಡಂ ಅಪ್ಪನ ಕಡೆ ತಿರುಗಿದರು. "ಇವರು ತಮಾಷೆ ಮಾಡ್ತಿದ್ದಾರಾ? ಇದನ್ನ ಆರಿಸಿದ್ದು ಯಾರು?"

ಅಪ್ಪ ಕೈ ಕಟ್ಟಿಕೊಂಡು ನಿಂತಿದ್ದ. ತಯಾರಾಗಿಯೇ ಬಂದಿದ್ದನೇನೋ, ಮಾತು ತಡವರಿಸಲಿಲ್ಲ.

"ಬೇಜಾರು ಮಾಡ್ಕೋಬೇಡಿ ಮೇಡಂ. ಅಕ್ಕನಿಗೆ ಕಣ್ಣು ಸರಿಯಾಗಿ ಕಾಣಲ್ಲ. ತುಂಬಾ ದಿನ ಆಯ್ತು. ದೊಡ್ಡವಳು, ಹೇಳೋಕೆ ನಮಗೇ ಮುಜುಗರ. ಎಲ್ಲಾ ಬೆಂಚೂ ಉಜ್ಜಿಸಿ ಹೊಸದಾಗಿ ಮಾಡಿಸಿಕೊಡ್ತೀನಿ. ಇನ್ಮೇಲೆ ಬಣ್ಣದ ಕೆಲಸ ಬೇರೆಯವರು ನೋಡ್ಕೋತಾರೆ. ಅವರ ಹತ್ರ ಮಾತಾಡಿ ಆಗಿದೆ."

ಮೇಡಂ ಅತ್ತೆಯನ್ನು ನೋಡಿದರು. ಅವರ ಮುಖದಲ್ಲಿದ್ದ ಸಿಟ್ಟು ಇಳಿದು ಅಲ್ಲಿ ಅಯ್ಯೋ ಪಾಪ ಬಂದು ಕೂತಿತು. ಸಿಟ್ಟೇ ಇದ್ದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು.

"ಯಾವಾಗಿಂದ?" ಅಂದಳು ಅತ್ತೆ.

"ಏನು ಯಾವಾಗಿಂದ?"

"ತುಂಬಾ ದಿನ ಆಯ್ತು ಅಂದ್ಯಲ್ಲ. ನನಗೆ ಕಣ್ಣು ಕಾಣಲ್ಲ ಅಂತ ನಿನಗೆ ಯಾವಾಗಿಂದ ಗೊತ್ತು?"

ಅಪ್ಪ ಸುಳ್ಳು ಹೇಳಬಹುದಿತ್ತು. ಯಾಕೋ ಹೇಳಲಿಲ್ಲ.

"ಅಂಗಿ ನೀಲಿ ಆದಾಗಿಂದ."

ಅತ್ತೆ ತಾನು ತೊಟ್ಟಿದ್ದ ಅಂಗಿಯನ್ನು ನೋಡಿಕೊಂಡಳು. ಅವಳ ಕಣ್ಣಿಗೆ ಅದು ಬಿಳಿ. ತೋಳನ್ನು ಮೇಲೆತ್ತಿ ಬಿಸಿಲಿಗೆ ಹಿಡಿದು ನೋಡಿದಳು. "ನೀಲಿಯಾ?" ಅಂದಳು, ಯಾರನ್ನೂ ಕೇಳದ ಹಾಗೆ. ಆಮೇಲೆ, "ಹಾಗಾದ್ರೆ ಗೋಡೆ ಹತ್ರ ತುಂಡು ಕೊಟ್ಟಾಗ..."

ಅತ್ತೆ ಅಂಗಳದ ಮೂಲೆಯ ನಲ್ಲಿಗೆ ಹೋಗಿ, ಯಾವ ಬಣ್ಣವೂ ಅಂಟಿರದ ಕೈಗಳನ್ನು ಬಹಳ ಹೊತ್ತು ತೊಳೆದುಕೊಂಡಳು.

ಕಣ್ಣಿನ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋದವಳು ನಾನು. ಪೊರೆ ಅಂದರು. ಚೆನ್ನಾಗಿ ಬಲಿತಿದೆ, ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಬೈದರು. ಬೇರೆಯವರಿಂದ ಬೈಸಿಕೊಂಡು ಸುಮ್ಮನಿದ್ದ ಅತ್ತೆಯನ್ನು ನೋಡುವುದೇ ನನಗೆ ಕಷ್ಟವಾಯಿತು. ಆಪರೇಷನ್ ಅಂದರೆ ಏನೋ ಅಂದುಕೊಂಡಿದ್ದೆ. ನಾನು ಹೊರಗೆ ಒಂದು ಟೀ ಕುಡಿದು ಬರುವಷ್ಟರಲ್ಲಿ ಮುಗಿದೇ ಹೋಗಿತ್ತು. ಅಷ್ಟೇ ಕೆಲಸ. ಅಷ್ಟು ಸಣ್ಣ ಕೆಲಸಕ್ಕೆ ಅಂಗಿ ನೀಲಿಯಾದ ದಿನವೇ ಯಾರಾದರೂ ಅವಳ ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು.

ಪಟ್ಟಿ ಬಿಚ್ಚಿದ ಮೇಲೆ ಅವಳು ಮೊದಲು ನೋಡಿದ್ದು ಕುರ್ಚಿಯ ಬೆನ್ನಿಗೆ ಹಾಕಿದ್ದ ಅಂಗಿಯನ್ನು.

"ಯಾರದೇ ಅದು?"

"ನಿಂದೇ ಅತ್ತೆ."

"ಇದನ್ನ ಹಾಕ್ಕೊಂಡು ರಸ್ತೆಯಲ್ಲೆಲ್ಲ ಓಡಾಡಿದ್ನಾ?"

ನಾನು ತಲೆಯಾಡಿಸಿದೆ.

"ಮನೆ ತುಂಬ ಜನ ಇದ್ರಿ," ಅಂದಳು.

ಮಾರನೆಯ ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡೇ ಕಾರ್ಖಾನೆಗೆ ಹೊರಟಳು. ಬೇಡವೆಂದರೂ ಕೇಳಲಿಲ್ಲ. ಬಿಸಿಲುಗೋಡೆಯಲ್ಲಿ ಆ ತುಂಡು ಇನ್ನೂ ನೇತಾಡುತ್ತಿತ್ತು. ಕನ್ನಡಕವನ್ನು ಹಣೆಗೇರಿಸಿ, ತಗಡು ಎತ್ತಿ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ನೋಡಲು ಅಲ್ಲಿ ಹೆಚ್ಚೇನೂ ಇರಲಿಲ್ಲ, ಒಂದು ಕಡೆ ಜೇನು, ಒಂದು ಕಡೆ ಬೂದಿ.

"ಹಳೇ ವಾರ್ನಿಶ್ ಬಳಿದ ಗಾಜಿನಿಂದ ನೋಡಿದ ಹಾಗೆ ಇತ್ತು ಕಣೇ," ಅಂದಳು. "ಈಗ ಗೊತ್ತಾಗ್ತಿದೆ. ಆಗ ಲೋಕವೇ ಹಾಗಾಗಿದೆ ಅಂದ್ಕೊಂಡಿದ್ದೆ."

"ನಾನು ಹೇಳಿದ್ದೆ ಅತ್ತೆ."

"ಹೇಳಿದ್ದೆ. ನಿನಗೆ ಬೈದು ಕಳಿಸಿ, ಯಾರೂ ಇಲ್ಲದಾಗ ಮತ್ತೆ ಬಂದು ನೋಡಿದ್ದೆ. ಅನುಮಾನ ಬಂದಿತ್ತು. ಆದ್ರೆ ತಮ್ಮನ ಕೈಗೆ ಕೊಟ್ಟಿದ್ನಲ್ಲ. ಅವನು ನೋಡಿ ಸುಮ್ನಿದ್ದ. ಸುಮ್ನಿದ್ದಾನೆ ಅಂದ್ರೆ ಸರಿ ಇದೆ ಅಂತ ನಂಬಿದೆ. ಸಣ್ಣವನಿದ್ದಾಗಿಂದ ನನ್ನ ಜೊತೆ ಜಗಳ ಆಡದೇ ಇರೋಕೆ ಆಗ್ತಿರಲಿಲ್ಲ ಅವನಿಗೆ."

ಅಪ್ಪ ಹಿಂದೆ ಬಂದು ನಿಂತಿದ್ದ. "ಹೇಳಿದ್ರೆ ನೀನು ಕೇಳ್ತಿದ್ಯಾ ಅಕ್ಕ?" ಅಂದ. "ಬಾಯಿ ಬಿಟ್ರೆ ಕಚ್ಚೋಕೆ ಬರ್ತಿದ್ದೆ. ಯಾರಿಗಿತ್ತು ಧೈರ್ಯ?"

"ಕಚ್ಚುತ್ತಿದ್ದೆ," ಅಂದಳು ಅತ್ತೆ. "ಕಚ್ಚಿಸ್ಕೊಂಡು ಹೇಳಬೇಕಿತ್ತು."

ಹಿಂದಿನ ಶೆಡ್ಡಿಗೆ ಆಗಲೇ ಅರ್ಧ ಗೋಡೆ ಎದ್ದಿತ್ತು. ಒಳಗೆ ಗ್ರಂಥಾಲಯದ ಬೆಂಚುಗಳು ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು. ಪಿಚಕಾರಿ ಸ್ಯಾಂಡ್ ಪೇಪರ್ ಮೆಶಿನ್ ಹಿಡಿದು ಉಜ್ಜುತ್ತಿದ್ದ. ನೆರಳಿನಲ್ಲೇ ಇದ್ದ ಕೆಳಮೈ ಜೇನಿನ ಬಣ್ಣದಲ್ಲೇ ಇತ್ತು, ಹೆಬ್ಬೆಟ್ಟಿನ ಕಂದು ಗೆರೆಗಳೂ ಹಾಗೇ ಇದ್ದವು. ಮೆಶಿನ್ ಅದರ ಮೇಲೆ ಹಾಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. ಪಿಚಕಾರಿ ಮೆಶಿನ್ ಆರಿಸಿ, "ಬನ್ನಿ ದೊಡ್ಡಮ್ಮ, ಈಗ ಚೆನ್ನಾಗಿ ಕಾಣ್ತಿದೆಯಾ?" ಅಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದನೋ ಏನೋ. "ಎಲ್ಲಾ ಕಾಣ್ತಿದೆಯಪ್ಪ" ಅಂದಳು.

ಅತ್ತೆ ಕಾರ್ಖಾನೆಗೆ ಬರುವುದನ್ನು ಬಿಡುತ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದರು. ಬಿಡಲಿಲ್ಲ. ತನ್ನ ಮೂರು ಕಾಲಿನ ಸ್ಟೂಲನ್ನು ಅಂಗಳದ ನೆರಳಿಗೆ ತಂದು ಹಾಕಿಕೊಂಡು ಕೂರುತ್ತಾಳೆ. ಈಗ ಅವಳ ಅಂಗಿ ನಿಜವಾಗಿಯೂ ಬಿಳಿ. ಕಲೆಯಾಗುವ ಕೆಲಸವೂ ಇಲ್ಲ.

ಪಿಚಕಾರಿಯ ಮೊದಲ ಗೇಟು ತಯಾರಾದಾಗ ಅಪ್ಪ ಅದನ್ನು ಅಂಗಳಕ್ಕೆ ತರಿಸಿ ಅವಳ ಮುಂದೆ ನಿಲ್ಲಿಸಿದ. ಮಾಡಿದ್ದಕ್ಕೆ ಮುಲಾಮು ಹಚ್ಚುವ ಹಾಗೆ. ಗೇಟು ಥಳಥಳ ಅನ್ನುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಪಟ್ಟಿಗಳ ಸಂದಿಗೆ ಬಣ್ಣವೇ ಇಳಿದಿರಲಿಲ್ಲ, ಹಲಗೆಯ ತುದಿಗಳು ಹಸಿಹಸಿ ಬಾಯಿ ತೆರೆದುಕೊಂಡಿದ್ದವು. ನನಗೇ ಕಂಡಿತು. ಮೇಸ್ತ್ರಿಗೂ ಕಂಡಿತು, ಅತ್ತೆ ಏನು ಹೇಳುತ್ತಾಳೋ ಅಂತ ಅವನು ಗರಗಸ ನಿಲ್ಲಿಸಿ ಕಿವಿಯಾದ. ಅತ್ತೆ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಪಟ್ಟಿ ನೋಡಿದಳು. ಹಲಗೆಯ ತುದಿಯ ಹತ್ತಿರ ಅವಳ ಕಣ್ಣು ನಿಂತಿತು.

"ಚೆನ್ನಾಗಿದೆ," ಅಂದಳು.

ಪಿಚಕಾರಿ ಮಾತ್ರ ಖುಷಿಯಾಗಿ, "ನೋಡಿದ್ರಾ! ದೊಡ್ಡಮ್ಮನ ಬಾಯಲ್ಲೇ ಬಂತು" ಅಂದ. ಅಪ್ಪನ ಮುಖ ಸಣ್ಣಗಾಗಿತ್ತು.

ಅಲ್ಲಿಂದ ಮುಂದೆ ಅವಳಿಗೆ ಎಲ್ಲವೂ ಚೆನ್ನಾಗಿದೆ. ವಾರ್ನಿಶ್ ಬಳಿದ ಹೊರಬಾಗಿಲು ಚೆನ್ನಾಗಿದೆ. ಗುಳ್ಳೆ ಎದ್ದ ಕಟಕಟೆ ಚೆನ್ನಾಗಿದೆ. ಅಮ್ಮನ ಉಪ್ಪಿಲ್ಲದ ಸಾರೂ ಚೆನ್ನಾಗಿದೆ. ಅಮ್ಮ ಒಂದು ದಿನ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟಳು: "ಬೈದ್ರೂ ಪರವಾಗಿಲ್ಲ ಕಣೇ, ಈ ಚೆನ್ನಾಗಿದೆ ಕೇಳೋಕೆ ಆಗಲ್ಲ ನನಗೆ."

ಬಿಸಿಲುಗೋಡೆಯ ತುಂಡುಗಳನ್ನೆಲ್ಲ ಅಡ್ಡ ಬರುತ್ತವೆ ಅಂತ ಪಿಚಕಾರಿ ಕಿತ್ತು ಒಲೆಗೆ ಹಾಕಿದ. ಮೊಳೆಗಳು ಉಳಿದಿವೆ, ಅಲ್ಲೀಗ ಅವನ ಟವಲು ಒಣಗುತ್ತದೆ.

ಮೊನ್ನೆ ಒಂದು ದೊಡ್ಡ ಕೆಲಸ ಬಂದಿದೆ. ಒಂದು ಆಸ್ಪತ್ರೆಯ ಮಹಡಿಯ ಉದ್ದಕ್ಕೂ ಮರದ ಕಟಕಟೆ, ಪೂರ್ತಿ ಪಡುವಣ ಬಿಸಿಲಿಗೆ. ರೋಗಿಗಳು ಅದನ್ನು ಹಿಡಿದುಕೊಂಡು ಓಡಾಡುತ್ತಾರೆ, ಒರಗಿ ನಿಲ್ಲುತ್ತಾರೆ. ಅಪ್ಪನಿಗೆ ಪಿಚಕಾರಿಯ ಮಾತಿನ ಮೇಲೆ ನಂಬಿಕೆ ಸಾಲಲಿಲ್ಲ. ಎರಡು ತುಂಡಿಗೆ ಎರಡು ಬಣ್ಣ ತಾನೇ ಹಚ್ಚಿ, ಒಣಗಿಸಿ, ಪಿಚಕಾರಿ ಇಲ್ಲದ ಹೊತ್ತು ನೋಡಿಕೊಂಡು ಅಂಗಳಕ್ಕೆ ತಂದ. ಜೊತೆಗೆ ಹಳೆಯ ಕಂದು ಸ್ಟೇನಿನ ಡಬ್ಬಿಯನ್ನೂ ತಂದು, ಮುಚ್ಚಳ ತೆಗೆದು, ಅಕ್ಕನ ಕಾಲ ಬಳಿ ಇಟ್ಟ.

"ಅಕ್ಕ, ಯಾವುದು?"

ಅತ್ತೆ ಎರಡನ್ನೂ ತೆಗೆದುಕೊಂಡಳು. ಬೆಳಕಿಗೆ ಹಿಡಿದಳು, ಅತ್ತ ಇತ್ತ ತಿರುಗಿಸಿದಳು. ಒಂದರ ಮೇಲೆ ಉಗುರಿನಿಂದ ಗೀರಿ ಮೂಸಿದಳು. ಅವಳ ತುಟಿ ಏನೋ ಹೇಳಲು ಅಲುಗಿದ್ದನ್ನು ನಾನು ಕಂಡೆ. ಅಪ್ಪನೂ ಕಂಡ, ಹಾಗಾಗಿ ಒಂದು ಹೆಜ್ಜೆ ಮುಂದೆ ಬಂದ.

"ಎರಡೂ ಚೆನ್ನಾಗಿದೆ," ಅಂದಳು ಅತ್ತೆ.

"ಅಕ್ಕ, ಜನ ಕೈ ಹಿಡ್ಕೊಂಡು ನಿಲ್ಲೋ ಜಾಗ ಅದು. ಬೈಯಿ ನನ್ನ. ಎಷ್ಟು ಬೇಕೋ ಅಷ್ಟು ಬೈಯಿ. ಬೈದು ಹೇಳು."

"ಯಾಕೋ ಬೈಯಲಿ? ಚೆನ್ನಾಗಿದೆ ಅಂದ್ನಲ್ಲ."

ಅಪ್ಪ ಕುಕ್ಕರಗಾಲಲ್ಲಿ ಕೂತು ತುಂಡುಗಳನ್ನು ಮಗುಚಿ ಹಿಡಿದ. ಡಬ್ಬಿಯನ್ನು ಅವಳ ಕಡೆಗೆ ಸರಿಸಿದ.

"ಹಾಗಾದ್ರೆ ಹೆಬ್ಬೆಟ್ಟು ಒತ್ತು. ಯಾವುದು ಸರಿಯೋ ಅದಕ್ಕೆ ಒತ್ತು, ಸಾಕು."

ಅತ್ತೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಆ ಬೆರಳಿನ ಗೆರೆಗಳಲ್ಲಿ ವರ್ಷಗಟ್ಟಲೆ ಕೂತಿದ್ದ ಕಂದು ಬಣ್ಣ ಪೂರ್ತಿ ಹೋಗಿ, ಚರ್ಮ ಎಲ್ಲರ ಚರ್ಮದ ಹಾಗಾಗಿತ್ತು.

"ಚೆನ್ನಾಗಿರೋದಕ್ಕೆ ಹೆಬ್ಬೆಟ್ಟು ಯಾಕೋ ತಮ್ಮ?" ಅಂದಳು. "ನಿನ್ನ ಕಣ್ಣು ಚೆನ್ನಾಗೇ ಇದೆಯಲ್ಲ."

ತುಂಡುಗಳನ್ನು ಅವನ ಕೈಗೇ ಕೊಟ್ಟು, ಡಬ್ಬಿಯ ಮುಚ್ಚಳವನ್ನು ತಾನೇ ಎತ್ತಿ, ಗಾಳಿ ಹೋಗದ ಹಾಗೆ ಸುತ್ತಲೂ ಒತ್ತಿ ಒತ್ತಿ ಮುಚ್ಚಿದಳು.